ಷಡ್ಡಕನ ವ್ಯಾನಿಗೆ ಎಸಿ

ಊರಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದು ತಂಪಣ್ಣ ಎಂದು. ಕಾರು, ಲಾರಿ, ಆಂಬುಲೆನ್ಸು, ಯಾವುದರ ಎಸಿ ಕೆಟ್ಟರೂ ಅವನ ಶೆಡ್ಡಿಗೇ ಬರಬೇಕು. ಹುಟ್ಟಿನಿಂದ ಎಸಿಯನ್ನೇ ಕಾಣದ ಹಳೇ ಗಾಡಿಗಳಿಗೆ ಹೊಸದಾಗಿ ಕೂರಿಸುವುದರಲ್ಲಂತೂ ಅವನದು ಎತ್ತಿದ ಕೈ. ಹೆಸರೇನೋ ತಂಪಣ್ಣ, ಹೊಟ್ಟೆ ಮಾತ್ರ ಮೂರು ಹೊತ್ತೂ ಉರಿಯುತ್ತಿತ್ತು. ಇದು ಚೆನ್ನಾಗಿ ಗೊತ್ತಿದ್ದವಳು ಅವನ ಹೆಂಡತಿ. “ರೀ, ಊರಿಗೆಲ್ಲ ಎಸಿ ಹಾಕ್ತೀರ, ಮೊದಲು ನಿಮ್ಮ ಹೊಟ್ಟೆಗೊಂದು ಹಾಕಿಸ್ಕೊಳ್ಳಿ” ಎನ್ನುವಳು. ಅವನು ಊಟ ಮುಗಿಸಿ ಎದ್ದು ಹೋಗುವನು.

ಹೊಟ್ಟೆಕಿಚ್ಚಿನವನು ಅಂದ ಮಾತ್ರಕ್ಕೆ ಕೆಟ್ಟವನು ಅಂದುಕೊಳ್ಳಬೇಡಿ. ಅವನು ಯಾರಿಗೂ ಕೇಡು ಬಯಸಿದವನಲ್ಲ, ಯಾರ ವಿಷಯಕ್ಕೂ ಹುಳಿ ಹಿಂಡಿದವನಲ್ಲ. ಬೇರೆಯವರ ಕೈಯಲ್ಲಿ ಏನಾದರೂ ಕಂಡರೆ ಅವನ ಒಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು, ಅಷ್ಟೇ. ಚಿಕ್ಕಂದಿನಲ್ಲಿ ತಮ್ಮನಿಗೆ ಜ್ವರ ಬಂದರೆ ಆ ಜ್ವರದ ಮೇಲೂ ಹೊಟ್ಟೆಕಿಚ್ಚು, ಹಾಲು ಬ್ರೆಡ್ಡು ಸಿಗುತ್ತದಲ್ಲ ಎಂದು. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುವಾಗ, ಜೊತೆಯವನಿಗೆ ಕೈ ಸುಟ್ಟು ಒಂದು ವಾರ ರಜ ಸಿಕ್ಕಿತೆಂದು ಇವನು ಆ ವಾರ ಪೂರ್ತಿ ಮುಖ ಗಂಟಿಕ್ಕಿಕೊಂಡಿದ್ದ. ಆಮೇಲೆ ಕಾರುಗಳ ಎಸಿ ಕಲಿತ, ಮನೆಗೆ ಅಂಟಿಕೊಂಡ ಹಾಗೆ ತಗಡಿನ ಶೆಡ್ಡು ಕಟ್ಟಿದ, ಮದುವೆಯಾದ, ಒಬ್ಬಳು ಮಗಳು ಹುಟ್ಟಿದಳು. ಹೊಟ್ಟೆಕಿಚ್ಚು ಅಷ್ಟೂ ದಿನ ಅವನ ಜೊತೆಗೇ ಬಂತು.

ಕೆಲಸದಲ್ಲಿ ಅವನದೊಂದು ಹಟವಿತ್ತು. ಎಸಿಗೆ ಗ್ಯಾಸ್ ತುಂಬುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎಲ್ಲವನ್ನೂ ಪಂಪು ಹಚ್ಚಿ ಹೊರಗೆ ಎಳೆಯಬೇಕು. ಅದಕ್ಕೆ ವ್ಯಾಕ್ಯೂಮ್ ಹಾಕುವುದು ಅನ್ನುತ್ತಾರೆ. ಬೇರೆಯವರು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು ನಿಮಿಷ ಹಾಕುತ್ತಿದ್ದರು. ತಂಪಣ್ಣನದು ಪೂರ್ತಿ ಒಂದು ಗಂಟೆ. ಸ್ಟೂಲಿನ ಮೇಲೆ ಕೂತು, ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು, ಪಂಪಿನ ಸದ್ದಿಗೆ ಕಿವಿಗೊಟ್ಟು ಅವನು ಕೂತುಬಿಟ್ಟರೆ ಪಕ್ಕದಲ್ಲಿ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. ಸದ್ದು ಒಂದೆಳೆ ಬದಲಾದರೂ ಎಲ್ಲೋ ಲೀಕಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಆ ಹೊತ್ತಿನಲ್ಲಿ ಯಾರು ಬಂದರೂ ಕೈ ಎತ್ತಿ “ತಡಿ” ಎನ್ನುವನು. ಹೆಂಡತಿಗೂ ತಡಿ, ಮಗಳಿಗೂ ತಡಿ. ದಿನಕ್ಕೆ ಮೂರು ನಾಲ್ಕು ಗಾಡಿ ಇದ್ದರೆ ಮೂರು ನಾಲ್ಕು ಗಂಟೆ ತಡಿ.

ಇನ್ನು ಅವನ ಷಡ್ಡಕ. ಹೆಂಡತಿಯ ತಂಗಿಯನ್ನು ಮದುವೆಯಾದವನು. ಹನ್ನೆರಡು ಸೀಟಿನ ಹಳೇ ವ್ಯಾನೊಂದನ್ನು ಇಟ್ಟುಕೊಂಡು ಬೆಳಗ್ಗೆ ಸಂಜೆ ಒಂದೇ ದಾರಿಯಲ್ಲಿ ಓಡಿಸುತ್ತಿದ್ದ. ಈ ಕಡೆಯ ಬೀದಿಗಳಲ್ಲಿ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಊರಿನ ಆ ತುದಿಯ ದೊಡ್ಡ ಆಸ್ಪತ್ರೆಗೆ ಬಿಡುವುದು, ಸಂಜೆ ವಾಪಸ್ಸು ತರುವುದು. ನರ್ಸುಗಳು, ಲ್ಯಾಬಿನವರು, ಔಷಧಿ ಕೌಂಟರಿನ ಇಬ್ಬರು ಹೆಂಗಸರು. ಅವರಲ್ಲಿ ಅವನಿಗಿಂತ ಹತ್ತು ವರ್ಷ ದೊಡ್ಡವರೂ ಇದ್ದರು, ಆದರೂ ಎಲ್ಲರೂ ಅವನನ್ನು ‘ವ್ಯಾನ್ ಚಿಕ್ಕಪ್ಪ’ ಎಂದೇ ಕರೆಯುತ್ತಿದ್ದರು. ಈ ಹೆಸರು ಕೊಟ್ಟವಳು ತಂಪಣ್ಣನ ಮಗಳು. ಮೂರನೇ ಕ್ಲಾಸಿನಲ್ಲಿ, ಶಾಲೆ ಅದೇ ದಾರಿಯಲ್ಲಿದೆ ಎಂದು, ಅವಳನ್ನು ಆ ವ್ಯಾನಿನ ಮುಂದಿನ ಎಡಗಡೆ ಸೀಟಿನಲ್ಲಿ ಕೂರಿಸಿದ್ದರು. ಶಾಲೆ ಮುಗಿಯಿತು, ಕಾಲೇಜು ಮುಗಿಯಿತು, ಈಗ ಅದೇ ಆಸ್ಪತ್ರೆಯಲ್ಲಿ ನರ್ಸಿಂಗಿನ ಕೊನೇ ವರ್ಷ. ಹನ್ನೆರಡು ವರ್ಷವಾಗಿತ್ತು, ಸೀಟು ಬದಲಾಗಿರಲಿಲ್ಲ.

ತಂಪಣ್ಣನ ನಿಜವಾದ ಉರಿ ಇದ್ದದ್ದು ಇಲ್ಲಿ. ಮಗಳ ಸುದ್ದಿಯೆಲ್ಲ ಅವನಿಗೆ ಸೆಕೆಂಡ್ ಹ್ಯಾಂಡಾಗಿ ಬರುತ್ತಿತ್ತು. ಸಂಜೆ ಅವಳನ್ನು ಮನೆಗೆ ಬಿಟ್ಟು, ಷಡ್ಡಕ ಶೆಡ್ಡಿಗೆ ಬಂದು ಎರಡು ಲೋಟ ಟೀ ತರಿಸಿ, “ಅಣ್ಣ, ಗೊತ್ತಾಯ್ತಾ?” ಎಂದು ಶುರು ಮಾಡುವನು. ಮಗಳಿಗೆ ಬೋರ್ಡು ಮಸುಕಾಗಿ ಕಾಣುತ್ತಿದೆ, ಕನ್ನಡಕ ಬೇಕು ಎಂದು ತಂಪಣ್ಣನಿಗೆ ಹೇಳಿದವನು ಷಡ್ಡಕ. ಗಣಿತದಲ್ಲಿ ಫೇಲಾದಳು ಎಂದವನು ಅವನು, ಪಾಸಾದಳು ಎಂದವನೂ ಅವನೇ. ನರ್ಸಿಂಗ್ ಓದುತ್ತಾಳಂತೆ ಎಂದು ನಗುನಗುತ್ತ ಬಂದು ಹೇಳಿದಾಗ ತಂಪಣ್ಣ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, “ಹೂಂ, ಗೊತ್ತು” ಎಂದು ಹಸೀ ಸುಳ್ಳು ಹೇಳಿದ್ದ. ಆ ದಿನದ ಟೀಯನ್ನು ಅವನು ಲೋಟದಲ್ಲೇ ಬಿಟ್ಟು ಎದ್ದಿದ್ದ.

ಅದಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು. ಮಗಳು ಚಿಕ್ಕಪ್ಪನನ್ನು ‘ನೀನು’ ಎನ್ನುತ್ತಿದ್ದಳು, ಅಪ್ಪನನ್ನು ‘ನೀವು’. ತಪ್ಪು ಅವಳದಲ್ಲ. ಅವಳಿಗೆ ಏಳು ವರ್ಷವಿದ್ದಾಗ, ಶೆಡ್ಡಿನಲ್ಲಿ ಒಬ್ಬ ಗಿರಾಕಿ ನಿಂತಿದ್ದ ಹೊತ್ತಿಗೆ ಓಡಿಬಂದು “ಅಪ್ಪ, ನೀನು ಬಾ” ಎಂದಿದ್ದಳು. ಗಿರಾಕಿ ನಕ್ಕ. ತಂಪಣ್ಣ ಗಂಭೀರವಾಗಿ, “ದೊಡ್ಡವರಿಗೆ ನೀವು ಅನ್ನಬೇಕು” ಎಂದು ತಿದ್ದಿದ. ಹುಡುಗಿ ಬುದ್ಧಿವಂತೆ, ಒಂದೇ ದಿನಕ್ಕೆ ಕಲಿತಳು. ಚಿಕ್ಕಪ್ಪನಿಗೆ ಮಾತ್ರ ಯಾರೂ ಹೀಗೆ ತಿದ್ದಿಕೊಡಲಿಲ್ಲ, ಅವನು ನೀನು ಆಗಿಯೇ ಉಳಿದ. “ಚಿಕ್ಕಪ್ಪ, ನೀನು ಸುಮ್ನಿರು!” ಎಂದು ಅವಳು ವ್ಯಾನಿನಿಂದ ಇಳಿಯುತ್ತ ನಗುವುದು ಶೆಡ್ಡಿನವರೆಗೂ ಕೇಳಿಸುವುದು. ಬಾಗಿಲಿಗೆ ಬಂದು ಅಪ್ಪನನ್ನು ಕಂಡರೆ, “ನೀವು ಊಟ ಮಾಡಿದ್ರಾ?” ಆ ಮರ್ಯಾದೆ ಯಾರಿಗೆ ಬೇಕಾಗಿತ್ತು?

ಷಡ್ಡಕನಿಗೆ ಮಕ್ಕಳಿರಲಿಲ್ಲ. ತಂಪಣ್ಣನಿಗೆ ಇದು ಗೊತ್ತಿದ್ದದ್ದೇ. ಆದರೆ ಹೊಟ್ಟೆ ಉರಿಯುವಾಗ ಅದು ಅವನ ನೆನಪಿಗೆ ಬರುತ್ತಿರಲಿಲ್ಲ.

ಆ ವರ್ಷ ಬಿಸಿಲು ಹುಚ್ಚು ಹಿಡಿದಂತೆ ಸುಡುತ್ತಿತ್ತು. ಷಡ್ಡಕನ ವ್ಯಾನು ತಗಡಿನ ಡಬ್ಬಿ, ಒಳಗೆ ಕೂತವರು ಆಸ್ಪತ್ರೆ ಸೇರುವ ಹೊತ್ತಿಗೆ ತಾವೇ ರೋಗಿಗಳಂತೆ ಕಾಣುತ್ತಿದ್ದರು. ಅದೇ ದಾರಿಗೆ ತಣ್ಣಗಿನ ಹೊಸ ಮಿನಿ ಬಸ್ಸೊಂದು ಬಂತು. ಔಷಧಿ ಕೌಂಟರಿನ ಇಬ್ಬರೂ ಅದಕ್ಕೆ ಹೋದರು, ಅವರ ಹಿಂದೆ ಒಬ್ಬ ನರ್ಸು. ಇನ್ನಿಬ್ಬರು ಹೋಗಲೋ ಬೇಡವೋ ಎಂದು ಮುಖ ನೋಡುತ್ತಿದ್ದರು. ಸುದ್ದಿ ತಂಪಣ್ಣನ ಕಿವಿಗೂ ಬಿತ್ತು. ಒಳಗೊಳಗೇ ಸ್ವಲ್ಪ ಹಿತವಾಯಿತು, ಮುಚ್ಚಿಡುವುದೇಕೆ.

ಒಂದು ಸಂಜೆ ಮಗಳು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಪಂಪು ಓಡುತ್ತಿತ್ತು. ಅವನು ರೂಢಿಯಂತೆ ಕೈ ಎತ್ತಿದ. ಅವಳು ಹೋಗಲಿಲ್ಲ. ಗೋಡೆಗೆ ಒರಗಿ, ಗಂಟೆ ಮುಗಿಯುವವರೆಗೂ ನಿಂತೇ ಇದ್ದಳು. ಪಂಪು ಆರಿಸಿದ ಮೇಲೆ, “ಅಪ್ಪ, ನಿಮ್ಮ ಹತ್ರ ಒಂದು ಕೇಳಬೇಕು” ಎಂದಳು.

ಎರಡು ವರ್ಷದಿಂದ ಅವಳು ಅವನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ. ಅವನು ಸ್ಟೂಲು ಬಿಟ್ಟು ಎದ್ದ. “ಕೇಳು ಮಗಾ” ಎಂದ.

“ಚಿಕ್ಕಪ್ಪನ ವ್ಯಾನಿಗೆ ಎಸಿ ಹಾಕಿಕೊಡ್ತೀರಾ?”

ತಂಪಣ್ಣ ಕೈ ಒರೆಸುವ ಬಟ್ಟೆಯನ್ನು ನಿಧಾನವಾಗಿ ಮಡಚಿದ. ಕೇಳಿದ್ದು ಒಂದೇ ಒಂದು, ಅದೂ ಆ ಷಡ್ಡಕನಿಗಾಗಿ. ಇಲ್ಲ ಎನ್ನಲು ನಾಲಗೆ ತುದಿಯವರೆಗೂ ಬಂದಿತ್ತು. ಆದರೆ ಇಲ್ಲ ಎಂದರೆ ನಾಳೆ ಮನೆತುಂಬ ಅದೇ ಮಾತು, ತಂಪಣ್ಣನಿಗೆ ಷಡ್ಡಕನನ್ನು ಕಂಡರೆ ಆಗದು ಎಂದು. ಇದ್ದದ್ದನ್ನು ಇದ್ದ ಹಾಗೆ ಜನ ಹೇಳಿದರೆ ಯಾರಿಗೆ ತಾನೇ ಸಹಿಸಲಾಗುತ್ತದೆ? “ತರೋಕೆ ಹೇಳು” ಎಂದ.

ನಾಲ್ಕು ದಿನದ ಕೆಲಸ. ಆ ಎಂಜಿನ್ನಿಗೆ ಕಂಪ್ರೆಸರ್ ಕೂರಿಸಲು ಜಾಗವನ್ನೇ ಬಿಟ್ಟಿರಲಿಲ್ಲ. ತಂಪಣ್ಣ ರಟ್ಟಿನಲ್ಲಿ ಅಳತೆ ಕತ್ತರಿಸಿ, ಲೇತಿನವನ ಹತ್ತಿರ ದಪ್ಪ ತಗಡಿನಲ್ಲಿ ಬ್ರಾಕೆಟ್ ಮಾಡಿಸಿದ. ಬೆಲ್ಟು ಒಂದು ಕೂದಲೆಳೆ ವಾರೆಯಾದರೂ ಕಿರುಚುತ್ತದೆ ಎಂದು ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದ. ರೇಡಿಯೇಟರಿನ ಮುಂದೆ, ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ನಿಲ್ಲಿಸಿ, ಮುದಿ ಎಂಜಿನ್ನು ಕಾದುಹೋಗದಿರಲೆಂದು ಇನ್ನೊಂದು ಫ್ಯಾನ್ ಇಟ್ಟ. ತಣ್ಣಗೆ ಮಾಡುವ ಪೆಟ್ಟಿಗೆಯನ್ನು ಡ್ರೈವರಿನ ಹಿಂದೆ ಮೇಲ್ಛಾವಣಿಗೆ ನೇತುಹಾಕಿದ. ಷಡ್ಡಕ ಆ ನಾಲ್ಕು ದಿನ ಬಾಡಿಗೆ ವ್ಯಾನಿನಲ್ಲಿ ಟ್ರಿಪ್ ಮುಗಿಸಿಕೊಂಡು ಶೆಡ್ಡಿನಲ್ಲೇ ಬೀಡುಬಿಟ್ಟಿದ್ದ. ಕೆಲಸದಲ್ಲಿ ಅವನಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಬಾಯಿ ಮಾತ್ರ ಒಂದು ಕ್ಷಣ ಬಿಡುವು ಕೊಡಲಿಲ್ಲ.

“ಅಣ್ಣ, ಮೊನ್ನೆ ಪುಟ್ಟಿ ಮೊದಲನೇ ಸಲ ಸಿಸ್ಟರ್ ಜೊತೆಗಿಲ್ಲದೆ ಒಬ್ಬ ಅಜ್ಜನಿಗೆ ಇಂಜೆಕ್ಷನ್ ಕೊಟ್ಟಳಂತೆ. ಕೈ ನಡುಗ್ತಿತ್ತಂತೆ. ಆ ಅಜ್ಜನೇ ಇವಳಿಗೆ ಧೈರ್ಯ ಹೇಳಿದ್ರಂತೆ!”

“ಹೂಂ, ಗೊತ್ತು” ಎಂದ ತಂಪಣ್ಣ, ವ್ಯಾನಿನ ಅಡಿಯಿಂದ.

ಎರಡನೇ ದಿನ ಪೈಪು ಹಾಯಿಸಲು ಮುಂದಿನ ಎಡಗಡೆ ಸೀಟು ಬಿಚ್ಚಿದ. ಅಡಿಯಲ್ಲಿ ಕೂದಲಿಗೆ ಹಾಕುವ ಪಿನ್ನುಗಳು, ಮುರಿದ ಪೆನ್ನಿನ ಮುಚ್ಚಳ, ಶೇಂಗಾ ಸಿಪ್ಪೆ. ಕಾಲಿಡುವ ಜಾಗದಲ್ಲಿ ನೆಲಕ್ಕೆ ಮೊಳೆ ಹೊಡೆದು ಕೂರಿಸಿದ ಒಂದು ಪುಟ್ಟ ಮರದ ಮಣೆ. ಅಂಚು ಸವೆದು ನುಣ್ಣಗಾಗಿತ್ತು.

“ಇದೇನಯ್ಯಾ?”

“ಅದಾ? ಚಿಕ್ಕೋಳಿದ್ದಾಗ ಪುಟ್ಟಿಗೆ ಕಾಲು ನೆಲ ಮುಟ್ತಿರಲಿಲ್ಲ ಅಣ್ಣ. ನೇತಾಡಿಸ್ಕೊಂಡು ಕೂತ್ರೆ ಜೋಮು ಹಿಡಿಯೋದಂತೆ. ಅದಕ್ಕೆ ಮಾಡಿಸ್ದೆ. ಈಗ ಬೇಡ, ಕಿತ್ತು ಹಾಕ್ತೀನಿ ಅಂದ್ರೆ ಬಿಡಲ್ಲ ಅಂತಾಳೆ.”

ತಂಪಣ್ಣ ಮಣೆಯನ್ನು ನೋಡುತ್ತ ಕೂತ. ಮಗಳ ಕಾಲು ನೆಲ ಮುಟ್ಟುತ್ತದೋ ಇಲ್ಲವೋ ಎಂದು ಒಂದು ದಿನವೂ ಅವನಿಗೆ ತೋಚಿರಲಿಲ್ಲ. ತನಗೆ ಹೊಳೆಯದಿದ್ದರೆ ಹಾಳಾಗಿ ಹೋಗಲಿ, ಬೇರೆ ಯಾರಿಗೂ ಹೊಳೆಯದಿದ್ದಿದ್ದರೆ ನೆಮ್ಮದಿಯಾಗಿರುತ್ತಿತ್ತು. ಅವತ್ತು ಅವನಿಗೆ ಆದಷ್ಟು ಹೊಟ್ಟೆಕಿಚ್ಚು ಬದುಕಿನಲ್ಲಿ ಹಿಂದೆ ಎಂದೂ ಆಗಿರಲಿಲ್ಲ. ಮೈ ಪರಚಿಕೊಳ್ಳುವಂತಾಯಿತು.

ಆ ಉರಿಯಲ್ಲೇ ಅವನು ಪೈಪುಗಳನ್ನು ಜೋಡಿಸುತ್ತ ಹೋದ. ಎಂಜಿನ್ನಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಒಂದು ನಟ್ಟು. ಅದನ್ನು ಬಿಗಿ ಮಾಡುವಾಗ ಕೈ ತಾನೇ ನಿಂತಿತು. ಕೊನೆಯ ಕಾಲು ಸುತ್ತು ಬಿಗಿಯದೆ ಬಿಟ್ಟರೆ ಸಾಕು. ಇವತ್ತು ಗೊತ್ತಾಗುವುದಿಲ್ಲ, ನಾಳೆ ಗೊತ್ತಾಗುವುದಿಲ್ಲ, ತಿಂಗಳಲ್ಲಿ ಗ್ಯಾಸೆಲ್ಲ ಸೋರಿ ವ್ಯಾನು ಮತ್ತೆ ಡಬ್ಬಿ. ಉಳಿದವರೂ ಮಿನಿ ಬಸ್ಸು ಹತ್ತುತ್ತಾರೆ, ಮಗಳೂ ಹತ್ತುತ್ತಾಳೆ. ತಂಪಣ್ಣ ಪಾನಾ ಅಲ್ಲೇ ಬಿಟ್ಟು ಹೋಗಿ ಕೈ ತೊಳೆದ. ಮುಖಕ್ಕೂ ನೀರು ಹಾಕಿಕೊಂಡ. ವಾಪಸ್ಸು ಬಂದು ಆ ಕಾಲು ಸುತ್ತು ಬಿಗಿ ಮಾಡಿದ. ಒಳ್ಳೆಯತನದಿಂದ ಮಾಡಿದನೆಂದು ಹೊಗಳಬೇಡಿ. ‘ತಂಪಣ್ಣ ಹಾಕಿದ್ದು ಲೀಕಂತೆ’ ಎಂಬ ಮಾತು ಊರಲ್ಲಿ ಹುಟ್ಟುವುದನ್ನು ಅವನು ಸತ್ತರೂ ಸಹಿಸುತ್ತಿರಲಿಲ್ಲ. ಸೋಪಿನ ನೊರೆ ಹಚ್ಚಿ ಒಂದೊಂದು ಜಾಯಿಂಟನ್ನೂ ಎರಡೆರಡು ಸಲ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ವ್ಯಾಕ್ಯೂಮನ್ನು ಒಂದು ಗಂಟೆಯ ಬದಲು ಎರಡು ಗಂಟೆ ಹಾಕಿದ. ಅಂಥ ಅಚ್ಚುಕಟ್ಟಾದ ಕೆಲಸವನ್ನು ಅವನು ತನ್ನ ಸ್ವಂತ ಗಾಡಿಗೂ ಮಾಡಿಕೊಂಡಿರಲಿಲ್ಲ.

ಆದರೆ ಅಷ್ಟು ದೊಡ್ಡ ಉರಿ ಎಲ್ಲಾದರೂ ಒಂದು ಕಡೆ ಹೊರಗೆ ಬರಲೇಬೇಕಲ್ಲ. ಕೊನೇ ದಿನ ಛಾವಣಿಗೆ ಉದ್ದಕ್ಕೂ ಗಾಳಿಯ ಕೊಳವೆ ಕೂರಿಸಿ, ಪ್ರತಿ ಸೀಟಿನ ತಲೆಯ ಮೇಲೆ ದುಂಡಗೆ ತೂತು ಕೊರೆದು, ಬೇಕಾದ ಕಡೆ ತಿರುಗಿಸಿಕೊಳ್ಳುವ ಕಪ್ಪು ಜಾಲರಿ ಹಾಕುವ ಕೆಲಸ. ತಂಪಣ್ಣ ಪೆನ್ಸಿಲಿನಲ್ಲಿ ಗುರುತು ಹಾಕಿದ. ಹಿಂದೆ ಹತ್ತು. ಮುಂದೆ ಎಡಗಡೆಗೆ ಒಂದು, ಅದನ್ನು ಮಾತ್ರ ಮಗಳ ಎತ್ತರಕ್ಕೆ ಸರಿಯಾಗಿ, ಮುಖಕ್ಕೆ ರಾಚದ ಹಾಗೆ ತುಸು ವಾರೆಯಾಗಿ. ಒಟ್ಟು ಹನ್ನೊಂದು. ಡ್ರೈವರಿನ ತಲೆಯ ಮೇಲೆ ಗುರುತು ಹಾಕಲಿಲ್ಲ.

ಷಡ್ಡಕ ಎಣಿಸಿ, “ಅಣ್ಣ, ನನಗೆ?” ಎಂದ.

“ಡ್ರೈವರಿಗೆ ತಣ್ಣನೆ ಗಾಳಿ ಹೊಡೆದ್ರೆ ನಿದ್ದೆ ಬರುತ್ತೆ ಕಣಯ್ಯಾ. ಗಾಡಿ ತುಂಬ ಹೆಣ್ಣುಮಕ್ಕಳು. ಹೆಚ್ಚುಕಮ್ಮಿ ಆದ್ರೆ?”

ಷಡ್ಡಕ ಕಣ್ಣರಳಿಸಿದ. “ಅಬ್ಬಾ, ನಿಮ್ಮ ತಲೆಯೇ ತಲೆ ಅಣ್ಣ. ನನಗೆ ಹೊಳೀಲೇ ಇಲ್ಲ!”

ಹೀಗೆ ಒಪ್ಪಿಬಿಡುವವನ ಜೊತೆ ಯಾರಾದರೂ ಹೇಗೆ ಜಗಳವಾಡಬೇಕು? ತಂಪಣ್ಣ ಹಲ್ಲು ಕಚ್ಚಿಕೊಂಡು ಡ್ರಿಲ್ ಎತ್ತಿಕೊಂಡ.

ವ್ಯಾನು ಹೊರಟಿತು. ಮುದಿ ಗಾಡಿಯಲ್ಲಿ ಟಕ್ ಎಂದು ಕಂಪ್ರೆಸರ್ ಹಿಡಿದು, ಐದು ನಿಮಿಷದಲ್ಲಿ ಒಳಗೆಲ್ಲ ತಣ್ಣಗಾಯಿತು. ಒಂದು ವಾರದೊಳಗೆ ಔಷಧಿ ಕೌಂಟರಿನ ಇಬ್ಬರೂ ಮರಳಿ ಬಂದರು, ನರ್ಸೂ ಬಂದಳು. ತಂಪಣ್ಣ ಕಾದು ಕೂತ, ಷಡ್ಡಕ ಒಬ್ಬನೇ ಬೆವರುವ ಸುದ್ದಿಗೆ. ಸುದ್ದಿ ಬಂತು, ತಂದವಳು ಹೆಂಡತಿ.

“ರೀ, ಆ ವ್ಯಾನಿನ ಹೆಂಗಸರು ನನ್ನ ತಂಗಿ ಗಂಡನನ್ನ ತಲೆ ಮೇಲೆ ಕೂರಿಸ್ಕೊಂಡಿದಾರಂತೆ. ನಾವೆಲ್ಲ ತಣ್ಣಗಿರೋಕೆ ತಾನು ಬೇಯ್ತಾನೆ ಅಂತ ಒಬ್ಬಳು ದಿನಾ ನಿಂಬೆ ಶರಬತ್ತು ತರ್ತಾಳಂತೆ. ಇನ್ನೊಬ್ಬಳು ಬ್ಯಾಟರಿ ಫ್ಯಾನ್ ತಂದುಕೊಟ್ಟಳಂತೆ. ನಮ್ಮ ಪುಟ್ಟಿ ತನ್ನ ಜಾಲರಿನೇ ಪೂರ್ತಿ ಅವನ ಕಡೆ ತಿರುಗಿಸಿ ಇಟ್ಟಿದಾಳಂತೆ.”

“ಪೂರ್ತಿನಾ?”

“ಪೂರ್ತಿ.”

“ಅವನೇನಂದ?”

“ಅವನೇನಂತಾನೆ, ‘ಅಣ್ಣ ಬೇಕಂತಲೇ ಹಾಕಿಲ್ಲ, ನಿಮ್ಮೆಲ್ಲರ ಜೀವದ ಮೇಲೆ ಅಷ್ಟು ಕಾಳಜಿ’ ಅಂತ ಎಲ್ಲರ ಹತ್ರ ನಿಮ್ಮನ್ನ ಹೊಗಳ್ತಾನಂತೆ.” ಅವಳು ಅವನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ತಂಪಣ್ಣ ಊಟದ ತಟ್ಟೆ ಸರಿಸಿದ.

ಅದಾಗಿ ಬಂದ ಭಾನುವಾರ ಬೆಳಗ್ಗೆ ಶೆಡ್ಡಿನ ಮುಂದೆ ವ್ಯಾನು ಬಂದು ನಿಂತಿತು. ಡ್ರೈವರ್ ಸೀಟಿನಿಂದ ಇಳಿದವಳು ಮಗಳು. ಒಬ್ಬಳೇ.

“ನಿನಗೆ ಗಾಡಿ ಓಡಿಸೋಕೆ ಬರುತ್ತಾ?” ಎಂದ ತಂಪಣ್ಣ. ಯಾರು ಕಲಿಸಿದ್ದು ಎಂದು ಕೇಳುವ ಅಗತ್ಯವಿರಲಿಲ್ಲ.

“ಬರುತ್ತೆ. ಅಪ್ಪ, ಡ್ರೈವರಿಗೆ ಯಾಕೆ ಜಾಲರಿ ಹಾಕಿಲ್ಲ?”

“ನಿದ್ದೆ ಬರುತ್ತೆ ಅಂತ...”

“ನಾನು ಚಿಕ್ಕಂದಿನಿಂದ ಈ ಶೆಡ್ಡು ನೋಡಿದೀನಿ. ನೀವು ಎಷ್ಟೋ ಗಾಡಿಗೆ ಹಾಕಿದೀರ. ಮೊದಲು ಡ್ರೈವರಿಗೆ, ಆಮೇಲೆ ಉಳಿದೋರಿಗೆ. ಅವನು ಬೆವರಿದ್ರೆ ಕಣ್ಣಿಗೆ ಬೆವರು ಇಳಿಯುತ್ತೆ, ಅದು ಡೇಂಜರ್ ಅಂತ ನೀವೇ ಗಿರಾಕಿಗಳಿಗೆ ಹೇಳಿದ್ದು ಕೇಳಿದೀನಿ.”

ತಂಪಣ್ಣ ಶೆಡ್ಡಿನೊಳಗೆ ಹೋದ. ಡ್ರಿಲ್ಲು, ದುಂಡನೆಯ ಗರಗಸದ ಬಿಲ್ಲೆ, ಒಂದು ಜಾಲರಿ ಎತ್ತಿಕೊಂಡು ವ್ಯಾನು ಹತ್ತಿದ. ಮಗಳೂ ಹತ್ತಿ, ಪುಡಿ ಬೀಳದಂತೆ ಕೆಳಗೆ ಹಳೇ ಪೇಪರು ಹಿಡಿದಳು. ಗುರುತು ಹಾಕಲು ಪೆನ್ಸಿಲು ಎತ್ತಿದವನು ಹಾಗೇ ನಿಂತ.

“ಹೊಟ್ಟೆಕಿಚ್ಚು ಕಣೇ, ಅದಕ್ಕೇ ಹಾಕಲಿಲ್ಲ” ಎಂದ. ಇಷ್ಟು ವಯಸ್ಸಿಗೆ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. “ನೀನು ಎಲ್ಲ ಅವನ ಹತ್ರ ಹೇಳ್ತೀಯ. ನನಗೆ ಅವನು ಬಂದು ಹೇಳಬೇಕು. ಕನ್ನಡಕದಿಂದ ಹಿಡಿದು ಇಂಜೆಕ್ಷನ್ನಿನವರೆಗೆ.”

ಮಗಳು ಪೇಪರು ಹಿಡಿದ ಕೈ ಇಳಿಸಲಿಲ್ಲ. “ನಿಮಗೆ ಹೇಳಲಿ ಅಂತಲೇ ಅಲ್ವಾ ಅವನಿಗೆ ಹೇಳ್ತಿದ್ದದ್ದು.”

“ಏನು?”

“ನಾನು ಶಾಲೆಯಿಂದ ಬಂದಾಗೆಲ್ಲ ನೀವು ಪಂಪ್ ಹಾಕಿ ಕೂತಿರ್ತಿದ್ರಿ. ತಡಿ ಅಂತಿದ್ರಿ. ಎಷ್ಟು ಹೊತ್ತು ತಡಿಯೋದು, ಆಡೋಕೆ ಹೋಗಿಬಿಡ್ತಿದ್ದೆ. ಒಂದಿನ ವ್ಯಾನಲ್ಲಿ ಅತ್ತೆ. ಚಿಕ್ಕಪ್ಪ ಅಂದ, ನನಗೆ ಹೇಳಿರು, ನಿಮ್ಮಪ್ಪ ಪಂಪ್ ಆರಿಸೋ ಟೈಮ್ ನೋಡ್ಕೊಂಡು ನಾನು ಹೋಗಿ ಹೇಳ್ತೀನಿ ಅಂತ. ದಿನಾ ರಾತ್ರಿ ನೀವು ಊಟಕ್ಕೆ ಬಂದಾಗ ನಿಮ್ಮ ಮುಖ ನೋಡ್ತಿದ್ದೆ, ಹೇಳಿದ್ನೋ ಇಲ್ವೋ ಅಂತ. ನೀವು ಏನೂ ಕೇಳ್ತಿರಲಿಲ್ಲ. ಗಣಿತದಲ್ಲಿ ಫೇಲಾದಾಗ ಕೂಡ ಏನೂ ಅನ್ನಲಿಲ್ಲ. ಗೊತ್ತು ಅಂದ್ರಂತೆ, ಅಷ್ಟೇ.”

ತಂಪಣ್ಣನಿಗೆ ಡ್ರಿಲ್ಲು ಭಾರವಾಯಿತು. ಅಷ್ಟು ವರ್ಷ ಮೆರೆಯಲು ಬರುತ್ತಿದ್ದಾನೆ ಎಂದುಕೊಂಡಿದ್ದ ಷಡ್ಡಕ ಸುದ್ದಿ ಮುಟ್ಟಿಸಲು ಬರುತ್ತಿದ್ದ. ತಾನು ಪ್ರತಿ ಸಲವೂ ‘ಗೊತ್ತು’ ಎಂದು ಅವನ ಮುಖಕ್ಕೆ ಬಾಗಿಲು ಹಾಕಿದ್ದ. ಹೊಟ್ಟೆಯಲ್ಲಿ ಉರಿಯುವುದಕ್ಕೆ ಈಗ ಕಾರಣವೇ ಉಳಿಯಲಿಲ್ಲ, ಆದರೂ ಹಳೇ ಅಭ್ಯಾಸಕ್ಕೆ ಸ್ವಲ್ಪ ಉರಿಯಿತು.

“ಮೇಲೆ ಹಿಡ್ಕೋ... ಹಿಡ್ಕೊಳ್ಳಿ” ಎಂದಳು ಮಗಳು, ಡ್ರಿಲ್ಲು ಜಾರುತ್ತಿದ್ದದ್ದನ್ನು ನೋಡಿ.

“ಹಿಡ್ಕೋ ಅಂದ್ರೆ ಸಾಕು ಕಣೇ” ಎಂದ ಅವನು. ಅವಳು ನಕ್ಕಳು. ಇಬ್ಬರೂ ಸೇರಿ ತೂತು ಕೊರೆದರು, ಜಾಲರಿ ಕೂರಿಸಿದರು. ಪೇಪರನ್ನು ಹುಷಾರಾಗಿ ಮಡಚುತ್ತ ಅವಳು ಹೇಳಿದಳು, “ಅಪ್ಪ, ಇನ್ನೊಂದಿದೆ. ಯಾರಿಗೂ ಹೇಳಿಲ್ಲ. ಆಪರೇಷನ್ ಥಿಯೇಟರಿನ ಟ್ರೈನಿಂಗಿಗೆ ನನ್ನ ಆರಿಸಿದಾರೆ. ಇಡೀ ಬ್ಯಾಚಲ್ಲಿ ಇಬ್ಬರೇ. ಒಂದು ವರ್ಷ ಅಲ್ಲೇ ಆಸ್ಪತ್ರೆ ಹಾಸ್ಟೆಲಲ್ಲಿ ಇರಬೇಕು. ಒಂದನೇ ತಾರೀಕು ಸೋಮವಾರದಿಂದ.”

“ಅಮ್ಮನಿಗೂ ಹೇಳಿಲ್ವಾ?”

“ಇಲ್ಲ, ನಿನಗೇ ಮೊದಲು. ಚಿಕ್ಕಪ್ಪನಿಗೆ ಹೇಗೆ ಹೇಳೋದು ಗೊತ್ತಾಗ್ತಿಲ್ಲ. ನೀನೇ ಹೇಳ್ತೀಯಾ?”

ನಿನಗೇ ಮೊದಲು! ತಂಪಣ್ಣ ವ್ಯಾನಿನ ಕೀಲಿ ಇಸಕೊಂಡವನು ಮುಖ ಕೂಡ ತೊಳೆಯದೆ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿದ. ‘ಏನಯ್ಯಾ, ಗೊತ್ತಾಯ್ತಾ?’ ಎಂದು ಶುರು ಮಾಡಬೇಕು. ಅವನು ಏನು ಎನ್ನುತ್ತಾನೆ. ಆಗ ನಿಧಾನವಾಗಿ, ಒಂದೊಂದೇ ಬಿಡಬೇಕು. ಅವಳಮ್ಮನಿಗೂ ಗೊತ್ತಿಲ್ಲ, ನನಗೊಬ್ಬನಿಗೇ ಹೇಳಿದಳು ಎಂದು ಕೊನೆಗೆ ಇಡಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವನು ತನ್ನಷ್ಟಕ್ಕೆ ನಗುತ್ತಿದ್ದ ಇವನನ್ನು ವಿಚಿತ್ರವಾಗಿ ನೋಡಿದ.

ಷಡ್ಡಕ ಮನೆ ಮುಂದೆ ಬಕೆಟ್ಟು ಇಟ್ಟುಕೊಂಡು ವ್ಯಾನು ತೊಳೆಯಲು ಕಾಯುತ್ತಿದ್ದ. ತಂಪಣ್ಣ ಎಂಜಿನ್ ಆರಿಸದೆ, ಮಗಳು ಕೂರುವ ಎಡಗಡೆ ಸೀಟಿಗೆ ಸರಿದು, “ಬಾ, ಕೂತ್ಕೋ” ಎಂದ. ಷಡ್ಡಕ ತನ್ನ ಜಾಗದಲ್ಲಿ ಕೂತು, ಮೇಲೆ ನೋಡಿ, ಜಾಲರಿ ಕಂಡು ಮಗುವಿನಂತೆ ಅದನ್ನು ಹಾಗೆ ಹೀಗೆ ತಿರುಗಿಸಿದ. “ಅಣ್ಣ, ನಿದ್ದೆ?”

“ಬರಲ್ಲ. ನಾನು ಹೇಳಿದ್ದು ತಪ್ಪು” ಎಂದ ತಂಪಣ್ಣ. ಆಮೇಲೆ, “ಏನಯ್ಯಾ, ಗೊತ್ತಾಯ್ತಾ?”

“ಏನಣ್ಣ?”

ಟ್ರೈನಿಂಗು, ಬ್ಯಾಚಲ್ಲಿ ಇಬ್ಬರೇ, ಹಾಸ್ಟೆಲು, ಸೋಮವಾರ, ಎಲ್ಲ ಹೇಳಿದ. ಷಡ್ಡಕ ಮೊದಲು “ಶಭಾಷ್!” ಎಂದು ಸ್ಟೀರಿಂಗಿಗೆ ಬಡಿದ. ಆಮೇಲೆ ಕೈ ಅಲ್ಲೇ ನಿಂತಿತು. ನಗು ಹಾಗೇ ಇತ್ತು, ಆದರೆ ಅದರ ಹಿಂದೆ ಮುಖ ಸಪ್ಪಗಾಗುತ್ತ ಹೋಯಿತು. “ನಿನ್ನೆ ಇಡೀ ದಾರಿ ಮಾತಾಡಿಕೊಂಡೇ ಬಂದ್ಲು” ಎಂದ. “ಇದನ್ನ ಮಾತ್ರ ಹೇಳಲಿಲ್ಲ.” ಹೊರಗೆ ನೋಡುತ್ತ, “ನಿಮಗೆ ಹೇಳಿದ್ಲಾ ಅಣ್ಣ, ಅವಳೇ?”

ಆ ಮುಖ ತಂಪಣ್ಣನಿಗೆ ಚೆನ್ನಾಗಿ ಪರಿಚಯವಿತ್ತು. ದಿನಾ ಬೆಳಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುತ್ತಿದ್ದ ಮುಖ ಅದು. ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತು ನಾಲಗೆಯ ಮೇಲೇ ಇತ್ತು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಲ ಸಿಕ್ಕಿದ್ದು. ಹೂಂ ಎಂದರೆ ಮುಗಿಯಿತು.

“ಎಲ್ಲಿ ಬಂತು” ಎಂದ ತಂಪಣ್ಣ. “ನನಗೂ ಅವಳಮ್ಮ ಹೇಳಿದ್ದು.”

ಅಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಯಾರಾದರೂ ಹೀಗೆ ಕೈಯಾರೆ ಬಿಡುತ್ತಾರೆಯೇ? ಷಡ್ಡಕ ಇವನ ಕಡೆ ತಿರುಗಿ, “ಹಂಗಾದ್ರೆ ನಮ್ಮಿಬ್ಬರಿಗೂ ಹೇಳಿಲ್ಲ ಬಿಡಿ” ಎಂದು ನಕ್ಕ. ಕಣ್ಣು ತುಂಬಿಕೊಂಡಿತ್ತು. ಅವನು ಅದನ್ನು ಮುಚ್ಚಿಕೊಳ್ಳದೆ, ಬೆರಳು ಮಡಚಿ ಎಣಿಸತೊಡಗಿದ. “ಭಾನುವಾರ ಬಿಟ್ಟರೆ ಇನ್ನು ಹನ್ನೆರಡು ದಿನ. ಹೋಗೋದು ಬರೋದು ಇಪ್ಪತ್ನಾಲ್ಕು ಟ್ರಿಪ್.”

ತಂಪಣ್ಣನೂ ಮನಸ್ಸಿನಲ್ಲೇ ಎಣಿಸಿದ. ಮಗಳ ಪಕ್ಕದಲ್ಲಿ ಕೂತು ಅವನು ಒಂದು ಟ್ರಿಪ್ಪೂ ಹೋಗಿರಲಿಲ್ಲ. “ನಾಳೆಯಿಂದ ಬೆಳಗ್ಗೆ ಹೊತ್ತು ನಾನೂ ಬರ್ಲೇನಯ್ಯಾ?” ಎಂದ. “ಹಿಂದೆ ಎಲ್ಲಾದ್ರೂ ಒಂದು ಕಡೆ ಕೂತ್ಕೋತೀನಿ.”

ಷಡ್ಡಕ ಹಿಂದೆ ತಿರುಗಿ ಖಾಲಿ ಸೀಟುಗಳನ್ನು ಒಂದೊಂದಾಗಿ ನೋಡಿದ, ಅಲ್ಲಿ ಯಾರ್‍ಯಾರು ಕೂರುತ್ತಾರೆ ಎಂದು ನೆನಪಿಸಿಕೊಳ್ಳುವವನಂತೆ. ಅವನ ಮುಖ ಇನ್ನಷ್ಟು ಚಿಕ್ಕದಾಯಿತು.

“ಎಲ್ಲಾ ಭರ್ತಿ ಅಣ್ಣ. ನೀವು ಎಸಿ ಹಾಕಿಕೊಟ್ಟ ಮೇಲೆ ಒಂದು ಸೀಟೂ ಉಳಿದಿಲ್ಲ” ಎಂದ. ಆಮೇಲೆ ತಂಪಣ್ಣ ಕೂತಿದ್ದ ಸೀಟಿನ ಕಡೆ ನೋಡಿ, “ಒಂದನೇ ತಾರೀಕಿಂದ ಒಂದು ಖಾಲಿ ಆಗುತ್ತೆ” ಎಂದ.